ಪಂದಲೂರು ಪೇಟೆಯ ಕಲೆ ಮತ್ತು ಬಂಡೀಪುರದಾಚೆಯ ನೆರೆಯವರು

ಮೈಸೂರು, ಚಾಮರಾಜನಗರ ಜಿಲ್ಲೆಗಳ ರಂಗತಂಡಗಳಿಗೆ, ಜಾನಪದ ಮೇಳಗಳ ಸಂಘಟಕರಿಗೆ ಮತ್ತು ಕನ್ನಡ ಸಂಘಗಳಿಗೆ ಬಹಿರಂಗ ಪತ್ರ



ಪಂದಲೂರು ನೀಲಗಿರಿ ಜಿಲ್ಲೆಯ ಪಡುವಣ ಅಂಚಿನ ಒಂದು ಪೇಟೆ. ಗೂಡಲೂರಿನಿಂದ ನಾಡುಗಾಣಿ, ದೇವಾಲ ಹಾದು ಬರುವ ರಸ್ತೆ ಇಲ್ಲಿಂದ ಚೇರಂಬಾಡಿಯ ಕಡೆ ಸಾಗಿ ಕೇರಳದ ವಯನಾಡನ್ನು ಸೇರುತ್ತದೆ. ಮೈಸೂರಿನಿಂದ ಸುಮಾರು 130 ಕಿ.ಮೀ. ದೂರ, ಗುಂಡ್ಲುಪೇಟೆಯವರಿಗೆ ಇನ್ನೂ ಹತ್ತಿರ. ಆಡಳಿತದ ಲೆಕ್ಕದಲ್ಲಿ ಇದು ತಮಿಳುನಾಡಿನ ತಾಲ್ಲೂಕು ಕೇಂದ್ರ, ನೆಲ್ಲಿಯಾಳಂ ನಗರಸಭೆಗೆ ಸೇರಿದ್ದು. ಮಳೆಯಲ್ಲೂ ಊಟದಲ್ಲೂ ಮಲಬಾರಿಗೆ ಹತ್ತಿರ. ಕಾಡಿನ ಲೆಕ್ಕದಲ್ಲಿ ಬಂಡೀಪುರ, ಮುದುಮಲೆಗಳ ಮಗ್ಗುಲು. ಬಸ್ ನಿಲ್ದಾಣದ ಸುತ್ತಲಿನ ಕೆಲವೇ ಬೀದಿಗಳು ಈ ಪೇಟೆಯ ನಡುಭಾಗ. ಅಲ್ಲಿ ತಮಿಳು, ಮಲಯಾಳ, ಕನ್ನಡಗಳ ಜೊತೆಗೆ ಪಣಿಯ, ಕಾಟ್ಟುನಾಯಕ, ಬೆಟ್ಟಕುರುಂಬ, ಮುಳ್ಳುಕುರುಂಬರ ನುಡಿಗಳೂ ಚೆಟ್ಟಿಯರ ಆಡುಮಾತೂ ಬೆರೆತಿವೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಬಂದು ನೆಲೆಸಿದವರು ಒಂದೇ ಅಂಗಡಿಯ ಮುಂದೆ ನಿಲ್ಲುವುದು ದೊಡ್ಡ ನಗರಗಳ ಹಳೆಯ ಪೇಟೆಗಳ ಲಕ್ಷಣ. ಇಷ್ಟು ಸಣ್ಣ ಊರಿನಲ್ಲಿ ಅದು ಇಷ್ಟು ದಟ್ಟವಾಗಿ ಇರುವುದು ಅಪರೂಪ. ಆದರೆ ಕನ್ನಡದ ಕಲಾಲೋಕಕ್ಕೆ ನೀಲಗಿರಿ ಎಂದರೆ ಊಟಿ ಮಾತ್ರ. ಗೂಡಲೂರಿನಲ್ಲಿ ಎಡಕ್ಕೆ ಹೊರಳುವ ಬಸ್ಸುಗಳಷ್ಟೇ ಅದಕ್ಕೆ ಗೊತ್ತು. ನೇರ ಸಾಗುವ ರಸ್ತೆಯ ಪರಿಚಯವಿಲ್ಲ. ಆ ರಸ್ತೆಯಲ್ಲಿ ಏನಿದೆ, ಅದರಲ್ಲಿ ಕನ್ನಡದ ಪಾಲೇನು, ಮೈಸೂರು ಸೀಮೆಯ ತಂಡಗಳು ಅಲ್ಲಿ ಏನು ಮಾಡಬಹುದು ಎಂಬುದನ್ನು ತಿಳಿಸುವುದು ಈ ಪತ್ರದ ಉದ್ದೇಶ.

ಇಡೀ ಪ್ರದೇಶ ಚಾರಿತ್ರಿಕವಾಗಿ ವಯನಾಡಿನ ಆಗ್ನೇಯ ಭಾಗ. ಹೈದರ್, ಟಿಪ್ಪು ಕಾಲದಲ್ಲಿ ವಯನಾಡಿನ ಮೇಲೆ ಮೈಸೂರಿನ ಹಿಡಿತವಿತ್ತು. ಟಿಪ್ಪುವಿನ ನಂತರ ಅದು ಇಂಗ್ಲಿಷರ ಮಲಬಾರ್ ಜಿಲ್ಲೆಗೆ ಸೇರಿತು. 1877ರಲ್ಲಿ ಆಗ್ನೇಯ ವಯನಾಡನ್ನು ಮಲಬಾರಿನಿಂದ ಬೇರ್ಪಡಿಸಿ ನೀಲಗಿರಿಗೆ ಸೇರಿಸಲಾಯಿತು. ಮಲಬಾರಿನ ಜನ್ಮಿ ಎಂಬ ಜಮೀನ್ದಾರಿ ಪದ್ಧತಿಯೂ ನೀಲಗಿರಿಯ ಆಡಳಿತವೂ ಒಂದೇ ನೆಲದ ಮೇಲೆ ಕೂತದ್ದು ಹಾಗೆ.

ಕನ್ನಡದ ನಂಟು ಇದಕ್ಕಿಂತ ಹಳೆಯದು. ನಗರಸಭೆಗೆ ಹೆಸರು ಕೊಟ್ಟ ನೆಲ್ಲಿಯಾಳಂನಲ್ಲಿ ಅರಸು ಮನೆತನವೊಂದಿತ್ತು. ಡಬ್ಲ್ಯು. ಫ್ರಾನ್ಸಿಸ್ 1908ರಲ್ಲಿ ಪ್ರಕಟಿಸಿದ ನೀಲಗಿರಿ ಗೆಜೆಟಿಯರ್ ಈ ಮನೆತನವನ್ನು ಕನ್ನಡ ಮೂಲದ್ದೆಂದು ಗುರುತಿಸುತ್ತದೆ. ಇಂದಿನ ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರಿನ ಕಡೆಯಿಂದ ತಮ್ಮ ಹಿರಿಯರು ಬಂದರೆಂಬ ಮನೆತನದ ಐತಿಹ್ಯವನ್ನೂ ದಾಖಲಿಸುತ್ತದೆ. ಉಮ್ಮತ್ತೂರಿನ ಪಾಳೆಯಗಾರರನ್ನು ಕೃಷ್ಣದೇವರಾಯ ಸೋಲಿಸಿದ ಕಥೆ ಕನ್ನಡದ ಶಾಲಾ ಪುಸ್ತಕಗಳಲ್ಲಿದೆ. ಅದೇ ಊರಿನ ಮೂಲ ಹೇಳಿಕೊಳ್ಳುವ ಒಂದು ಮನೆತನ ವಯನಾಡಿನ ಕಾಡಿನಲ್ಲಿ ಉಳಿದ ಸಂಗತಿ ಮಾತ್ರ ಆ ಪುಸ್ತಕಗಳಲ್ಲಿ ಇಲ್ಲ. ನೆರೆಯ ಸುಲ್ತಾನ್ ಬತ್ತೇರಿಯಲ್ಲಿ ಕಲ್ಲಿನ ಜೈನ ಬಸದಿಯಿದೆ. ವಯನಾಡಿನ ಜೈನ ಗೌಡರು ಕರ್ನಾಟಕದಿಂದ ವಲಸೆ ಬಂದವರು. ಇಂದು ಅವರ ಸಾರ್ವಜನಿಕ ಬದುಕು, ಬರವಣಿಗೆ ಎಲ್ಲವೂ ಮಲಯಾಳದಲ್ಲಿ. ಹೀಗೆ ಕನ್ನಡ ಇಲ್ಲಿ ಪದರಗಳಲ್ಲಿ ಒಂದಾಗಿ ಸೇರಿಹೋಗಿದೆ. ಅದನ್ನು ಗಡಿ ವಿವಾದದ ಭಾಷೆಯಲ್ಲಿ ಹುಡುಕಹೊರಟವರಿಗೆ ಏನೂ ಸಿಗುವುದಿಲ್ಲ.

ಪೇಟೆಗೆ ಒಮ್ಮೆಲೇ ಹೊರ ಜಗತ್ತು ನುಗ್ಗಿದ್ದು ಚಿನ್ನದ ಹೆಸರಿನಲ್ಲಿ. 1879ರಲ್ಲಿ ಭಾರತ ಸರ್ಕಾರ ಆಸ್ಟ್ರೇಲಿಯಾದ ಗಣಿ ತಜ್ಞ ಬ್ರೌ ಸ್ಮಿತ್ ಅವರನ್ನು ವಯನಾಡಿನ ಚಿನ್ನದ ಪರೀಕ್ಷೆಗೆ ನೇಮಿಸಿತು. ಅವರ ಆಶಾದಾಯಕ ವರದಿ ಹೊರಬಿದ್ದದ್ದೇ ತಡ, ಲಂಡನ್ನಿನ ಪೇಟೆಯಲ್ಲಿ ಕಂಪನಿಗಳು ಒಂದರ ಹಿಂದೊಂದು ಹುಟ್ಟಿದವು. ದೇವಾಲ, ಪಂದಲೂರುಗಳಲ್ಲಿ ಬಂಗಲೆ, ಅಂಗಡಿ, ಹೋಟೆಲುಗಳು ಎದ್ದವು. ಬಂಡೆ ಒಡೆದು ಪುಡಿಮಾಡಿದಾಗ ಸಿಕ್ಕ ಚಿನ್ನ ಖರ್ಚಿಗೂ ಸಾಲಲಿಲ್ಲ. ಮೂರು ನಾಲ್ಕು ವರ್ಷಗಳಲ್ಲಿ ಎಲ್ಲವೂ ಕುಸಿಯಿತು. ಅದೇ ದಶಕದಲ್ಲಿ ಮೈಸೂರು ಸಂಸ್ಥಾನದ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿಗೆ ಚಿನ್ನ ಸಿಕ್ಕಿತು, ಅಲ್ಲಿ ಗಣಿ 2001ರವರೆಗೂ ನಡೆಯಿತು. ಕೋಲಾರದ ಚಿನ್ನದ ಗಣಿ ಒಂದು ನಗರವನ್ನೂ ಆ ನಗರದ ಬಹುಭಾಷಾ ಬದುಕನ್ನೂ ಕಟ್ಟಿತು. ಪಂದಲೂರಿನ ಗಣಿ ಬಿಟ್ಟುಹೋದದ್ದು ಗುಡ್ಡಗಳಲ್ಲಿ ಸುರಂಗಗಳನ್ನು, ಕಾಡಿನಲ್ಲಿ ಹಾಳುಬಿದ್ದ ಯಂತ್ರಗಳನ್ನು. ಆ ಕಂಪನಿಗಳ ಜಾಗಗಳಲ್ಲಿ ಮುಂದೆ ಕಾಫಿ, ಚಹಾ ತೋಟಗಳು ಹಬ್ಬಿದವು. ಪೇಟೆ ಉಳಿದದ್ದು ತೋಟಗಳಿಂದ.

ತೋಟಗಳ ಕಾಲದ ಜನಪ್ರವಾಹಗಳಲ್ಲಿ ಎರಡು ಮುಖ್ಯ. ಒಂದು, ಎರಡನೆಯ ಮಹಾಯುದ್ಧದ ಆಹಾರ ಅಭಾವದ ದಿನಗಳಿಂದ ತಿರುವಿದಾಂಕೂರಿನಿಂದ ಬಂದ ರೈತರದು. ಎರುಮಾಡು, ಅಯ್ಯನ್‌ಕೊಲ್ಲಿ ಕಡೆಯ ಮೆಣಸು, ಶುಂಠಿ, ಕಾಫಿ ಬೆಳೆಯುವ ಊರುಗಳು ಇವರಿಂದ ಬೆಳೆದವು. ಇನ್ನೊಂದು, ಶ್ರೀಲಂಕಾದಿಂದ ಮರಳಿದವರದು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದ ಪ್ರಕಾರ ಶ್ರೀಲಂಕಾದ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ತಮಿಳರಲ್ಲಿ 5,25,000 ಜನರನ್ನು ಭಾರತ ಸ್ವೀಕರಿಸಬೇಕಾಯಿತು. ಅವರಿಗೆ ಕೆಲಸ ಕೊಡಲೆಂದು ತಮಿಳುನಾಡು ಸರ್ಕಾರ ನೀಲಗಿರಿಯ ಕಾಡು ಕಡಿದು ಚಹಾ ನೆಟ್ಟಿತು. 1968ರಲ್ಲಿ ಸರ್ಕಾರಿ ಯೋಜನೆಯಾಗಿ ಶುರುವಾದ ಕೆಲಸ 1976ರಿಂದ ಟ್ಯಾನ್‌ಟೀ ನಿಗಮವಾಗಿ ನಡೆಯಿತು. ಚೇರಂಬಾಡಿ, ಚೇರಂಗೋಡು, ಕೊಳಪ್ಪಳ್ಳಿ, ನೆಲ್ಲಿಯಾಳಂ, ದೇವಾಲ, ಪಾಂಡಿಯಾರ್ ವಿಭಾಗಗಳು ಪಂದಲೂರಿನ ಸುತ್ತಮುತ್ತಲೇ ಇವೆ. ಯಾರದೋ ನಾಡಿಗೆ ಕೂಲಿಗಳಾಗಿ ಹೋಗಿ, ಅಲ್ಲಿಯ ಪೌರತ್ವ ಕಳೆದುಕೊಂಡು, ಕಂಡರಿಯದ ತಾಯ್ನಾಡಿನ ಇನ್ನೊಂದು ತೋಟಕ್ಕೆ ಬಂದು ಇಳಿದವರು ಇವರು. ಇಷ್ಟೆಲ್ಲ ಜನ ಬಂದು ನೆಲೆಯೂರುವ ಮೊದಲೇ ಇಲ್ಲಿದ್ದ ಪಣಿಯ, ಕುರುಂಬ, ಕಾಟ್ಟುನಾಯಕರ ಕಾಡು ಮತ್ತು ಗದ್ದೆ ಪ್ರತಿ ಅಲೆಗೂ ಒಂದಿಷ್ಟು ಕರಗುತ್ತ ಬಂತು.

ಆದಿವಾಸಿಗಳ ಕಲೆಯಿಂದಲೇ ಈ ಪೇಟೆಯ ಕಲೆಯ ವಿವರಣೆ ಆರಂಭವಾಗುವುದು ನ್ಯಾಯ. ಪಣಿಯರ ವಾದ್ಯ ತುಡಿ: ಕೈಯಲ್ಲಿ ಹಿಡಿಯುವಷ್ಟು ಸಣ್ಣ, ನಡು ಸಣ್ಣಗಾದ ಚರ್ಮವಾದ್ಯ. ಅದರ ಜೊತೆಗೆ ಓಲಗದ ಜಾತಿಯ ಕುಳಲ್. ಇವೆರಡು ಸೇರಿದರೆ ಹೆಂಗಸರು ಸುತ್ತುಗಟ್ಟಿ ಚಪ್ಪಾಳೆಯೊಂದಿಗೆ ಆಡುವ ವಟ್ಟಕ್ಕಳಿ ಆರಂಭವಾಗುತ್ತದೆ. ಮದುವೆಯಲ್ಲೂ ತುಡಿ, ಸಾವಿನ ವಿಧಿಯಲ್ಲೂ ತುಡಿ. ಪಣಿಯರು ತಲೆಮಾರುಗಳ ಕಾಲ ಜೀತದಾಳುಗಳಾಗಿದ್ದವರು. ಮಾನಂದವಾಡಿ ಹತ್ತಿರದ ವಳ್ಳಿಯೂರ್ಕಾವಿನ ಜಾತ್ರೆಯಲ್ಲಿ ಜಮೀನುದಾರರು ಇವರನ್ನು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ಜೀತ ಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ಈ ಹಿನ್ನೆಲೆ ತಿಳಿಯದೆ ತುಡಿಯನ್ನು ಕೇಳುವವರು ಅದರಲ್ಲಿ ಬರೀ ಉಲ್ಲಾಸವನ್ನು ಕೇಳುತ್ತಾರೆ. ಮುಳ್ಳುಕುರುಂಬರದು ಬೇರೆ ಬಗೆ: ಬಿಲ್ಲು ಬಾಣದ ಬೇಟೆಯ ಹೆಮ್ಮೆ ಇರುವ, ಸ್ವಂತ ಗದ್ದೆಯ ಜನ. ದೀಪದ ಸುತ್ತ ಗಂಡಸರು ಕೋಲು ತಟ್ಟುತ್ತ ಆಡುವ ಅವರ ಕೋಲ್ಕಳಿಯಲ್ಲಿ ಹೆಜ್ಜೆಗಳ ಲೆಕ್ಕ ಬಹಳ ಬಿಗಿ. ಬೆಟ್ಟಕುರುಂಬರು ಮರಗೆಲಸ, ಬಿದಿರ ಕೆಲಸದಲ್ಲಿ ನುರಿತವರು, ಕಾಟ್ಟುನಾಯಕರು ಜೇನಿನವರು.

ಕೊನೆಯ ಇಬ್ಬರು ಕನ್ನಡದವರಿಗೆ ಅಪರಿಚಿತರಲ್ಲ. ಹೆಗ್ಗಡದೇವನಕೋಟೆ, ಹುಣಸೂರು, ಕೊಡಗಿನ ಜೇನುಕುರುಬರು, ಬೆಟ್ಟಕುರುಬರು ಇವರ ಹತ್ತಿರದ ಬಂಧುಗಳು. ಕಾಟ್ಟುನಾಯಕರ ಮಾತು ಕನ್ನಡಕ್ಕೆ ತೀರ ಸಮೀಪ. ಗುಂಡ್ಲುಪೇಟೆಯ ರೈತ ಗಮನವಿಟ್ಟು ಕೇಳಿದರೆ ಬಹುಪಾಲು ಹಿಡಿಯಬಲ್ಲ. ತಮಿಳುನಾಡಿನಲ್ಲಿ ಕಾಟ್ಟುನಾಯಕರನ್ನೂ ಕರ್ನಾಟಕದಲ್ಲಿ ಜೇನುಕುರುಬರನ್ನೂ ಅತಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರದ ಬೊಮ್ಮನ್ ಮತ್ತು ಬೆಳ್ಳಿ ಮುದುಮಲೆಯ ತೆಪ್ಪಕಾಡಿನವರು, ಕಾಟ್ಟುನಾಯಕರು. ಪಂದಲೂರಿನ ಕಾಟ್ಟುನಾಯಕ ಹಾಡಿಯೊಂದರ ಹಾಡು ಮತ್ತು ನಾಗರಹೊಳೆಯ ಜೇನುಕುರುಬ ಹಾಡಿಯೊಂದರ ಹಾಡು ಒಂದೇ ವೇದಿಕೆಯಲ್ಲಿ ಒಂದಾದ ಮೇಲೊಂದು ಬಂದರೆ, ರಾಜ್ಯಗಳ ಗಡಿ ಎಲ್ಲಿಂದ ಎಲ್ಲಿಗೆ ಬಿದ್ದಿದೆ ಎಂಬುದು ಯಾವ ಭಾಷಣವೂ ಇಲ್ಲದೆ ಕೇಳುಗರಿಗೆ ತಿಳಿಯುತ್ತದೆ.

ಗದ್ದೆಯ ಜನರ ದೊಡ್ಡ ಹಬ್ಬ ಪುತ್ತರಿ. ಹೊಸ ಭತ್ತದ ತೆನೆಯನ್ನು ಕೊಯ್ದು ದೇವಸ್ಥಾನಕ್ಕೂ ಮನೆಗೂ ತರುವ ಈ ಹಬ್ಬವನ್ನು ಗೂಡಲೂರಿನ ಆಸುಪಾಸಿನಲ್ಲಿ ಚೆಟ್ಟಿಯರು, ಕುರುಂಬರು, ಪಣಿಯರು ಕೂಡಿ ಆಚರಿಸುತ್ತಾರೆ. ಪ್ರತಿಯೊಬ್ಬರಿಗೂ ಅದರಲ್ಲಿ ಗೊತ್ತಾದ ಕೆಲಸವಿದೆ. ಕೊಡಗಿನ ಹುತ್ತರಿಯನ್ನು ಬಲ್ಲ ಕನ್ನಡಿಗರಿಗೆ ಇದರ ಕ್ರಮ ಕೂಡಲೇ ಅರ್ಥವಾಗುತ್ತದೆ. ಗದ್ದೆಗಳು ಬಾಳೆಗೆ, ಶುಂಠಿಗೆ, ಮನೆ ಸೈಟಿಗೆ ತಿರುಗುತ್ತಿರುವುದರಿಂದ ತೆನೆ ಕೊಯ್ಯುವ ಗದ್ದೆಗಳು ಕಡಿಮೆಯಾಗುತ್ತಿವೆ. ಈ ಹಬ್ಬವನ್ನು ಉಳಿಸುವುದು ಎಂದರೆ ಮೊದಲು ಭತ್ತವನ್ನು ಉಳಿಸುವುದು.

ತೋಟದ ಲೈನ್ ಮನೆಗಳಲ್ಲಿ ಇನ್ನೊಂದು ಪ್ರಪಂಚವಿದೆ. ಮಾರಿಯಮ್ಮನ ಗುಡಿ, ವರ್ಷಕ್ಕೊಮ್ಮೆ ಜಾತ್ರೆ, ಕರಗ, ಕಾವಡಿ, ಕೆಂಡ ಹಾಯುವುದು. ಇವೆಲ್ಲ ತಮಿಳು ಬಯಲಿನಿಂದ ಶ್ರೀಲಂಕಾಕ್ಕೆ ಹೋಗಿ ಅಲ್ಲಿಂದ ಮರಳಿದ ರೂಪಗಳು. ಶ್ರೀಲಂಕಾದ ತೋಟಗಳಲ್ಲಿ ಬೆಳಗಿನ ಹಾಜರಿಗೆ ಕೂಲಿಗಳನ್ನು ಕರೆಯಲು ‘ತಪ್ಪು’ ಎಂಬ ಚರ್ಮವಾದ್ಯ ಬಾರಿಸುತ್ತಿದ್ದರು. ಅದೇ ತಪ್ಪು ಸಂಜೆ ಗುಡಿಯ ಮುಂದೆ ಕುಣಿತಕ್ಕೂ ಬೇಕಿತ್ತು. ಕಾಮದಹನದ ಕಥೆಯನ್ನು ಇಡೀ ಊರೇ ಪಾತ್ರಧಾರಿಯಾಗಿ ದಿನಗಟ್ಟಲೆ ಆಡುವ ಕಾಮನ್ ಕೂತ್ತು ಅಲ್ಲಿನ ತೋಟಗಳ ದೊಡ್ಡ ಕಲೆ. ಕಾಮಣ್ಣನನ್ನು ಸುಡುವ ಉತ್ತರ ಕರ್ನಾಟಕದವರಿಗೂ ಆ ಕಥೆ ಹೊಸದಲ್ಲ. ಮರಳಿ ಬಂದ ಮೊದಲ ತಲೆಮಾರಿನವರಿಗೆ ಈ ಹಾಡು ಕುಣಿತಗಳು ಬಾಯಿಪಾಠವಾಗಿದ್ದವು. ಅವರಲ್ಲಿ ಹಲವರು ಈಗಿಲ್ಲ. ಇರುವವರು ಎಪ್ಪತ್ತು ಎಂಬತ್ತು ದಾಟಿದ್ದಾರೆ. ಮಕ್ಕಳು, ಮೊಮ್ಮಕ್ಕಳು ತಿರುಪ್ಪೂರು, ಕೊಯಮತ್ತೂರಿನ ಗಿರಣಿಗಳಿಗೆ ಹೋಗುತ್ತಿದ್ದಾರೆ. ನಷ್ಟದಲ್ಲಿರುವ ಟ್ಯಾನ್‌ಟೀಯ ಒಂದಷ್ಟು ತೋಟವನ್ನು ಅರಣ್ಯ ಇಲಾಖೆಗೆ ಮರಳಿಸಲು 2022ರಲ್ಲಿ ಸರ್ಕಾರ ತೀರ್ಮಾನಿಸಿದ ಮೇಲೆ ಲೈನ್ ಮನೆಗಳ ಮುಂದಿನ ಗತಿಯೇ ಚಿಂತೆಯಾಗಿದೆ. ಪಂದಲೂರಿನ ಕಲೆಗಳಲ್ಲಿ ಎಲ್ಲಕ್ಕಿಂತ ಬೇಗ ಮರೆಯಾಗುವ ಅಪಾಯ ಇರುವುದು ಈ ತೋಟದ ಕಲೆಗೇ. ಆದಿವಾಸಿ ಕಲೆಯ ಬಗ್ಗೆ ಸಂಶೋಧಕರ ಗಮನವಾದರೂ ಇದೆ. ತೋಟದ ಕೂಲಿಗೆ ಕಲೆಯೊಂದಿದೆ ಎಂದು ಯಾರೂ ಎಣಿಸುವುದಿಲ್ಲ.

ಮಲಯಾಳ ಮಾತಾಡುವವರ ಕಲಾಜೀವನ ಸಂಘಟಿತವಾದದ್ದು. ಮಾಪ್ಪಿಳ್ಳೆ ಮದುವೆಗಳಲ್ಲಿ ಒಪ್ಪನ, ಮಸೀದಿಯ ಹಬ್ಬಗಳಲ್ಲಿ ದಫ್ ಇರುತ್ತವೆ. ದಕ್ಷಿಣ ಕನ್ನಡದ ಬ್ಯಾರಿಗಳ ದಫ್ ಕೇಳಿದವರಿಗೆ ಇದು ಪರಿಚಿತ. ಚರ್ಚುಗಳ ಹಬ್ಬಕ್ಕೆ ಬ್ಯಾಂಡ್ ಸೆಟ್, ಓಣಂಗೆ ಕ್ಲಬ್ಬುಗಳ ಸ್ಪರ್ಧೆ. ಇದಕ್ಕೆಲ್ಲ ಬೆನ್ನೆಲುಬಾಗಿ ಕೇರಳದ ಗ್ರಂಥಾಲಯ ಚಳವಳಿಯ ರೂಢಿಯಿದೆ: ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಲು ತೊಡಗಿದ ಆ ಜಾಲದಲ್ಲಿ ವಾಚನಾಲಯ ಎಂದರೆ ನಾಟಕದ ತಾಲೀಮಿನ ಮನೆಯೂ ಹೌದು. ನಾಡುಗಾಣಿ ಘಟ್ಟ ಇಳಿದರೆ ಸಿಗುವ ನಿಲಂಬೂರು ಈ ವಿಷಯದಲ್ಲಿ ದೊಡ್ಡ ಹೆಸರು. 1950ರ ದಶಕದಲ್ಲಿ ಅಲ್ಲಿನ ಯುವಜನ ಕಲಾ ಸಮಿತಿ ಇ.ಕೆ. ಅಯಮು ಬರೆದ ನಾಟಕವನ್ನು ಮಲಬಾರಿನ ಉದ್ದಗಲಕ್ಕೂ ಆಡಿತು. ಮುಸ್ಲಿಂ ಮನೆತನದ ಹುಡುಗಿ ನಿಲಂಬೂರ್ ಆಯಿಷಾ ಆ ರಂಗದ ಮೇಲೆ ನಿಂತಾಗ ಕಲ್ಲು ತೂರಾಟ, ಬಹಿಷ್ಕಾರ ಎಲ್ಲವನ್ನೂ ಎದುರಿಸಿದರು, ನಟನೆ ಬಿಡಲಿಲ್ಲ. ಸಣ್ಣ ಪೇಟೆಯ ಹವ್ಯಾಸಿ ತಂಡವೊಂದು ಸಮಾಜವನ್ನು ಕದಲಿಸಬಲ್ಲದು ಎಂಬುದಕ್ಕೆ ಪಂದಲೂರಿಗೆ ದೂರದ ಉದಾಹರಣೆ ಬೇಕಾಗಿಲ್ಲ.

ಇಷ್ಟೆಲ್ಲ ಇದ್ದೂ ಪೇಟೆಯ ನಡುವೆ ಇವು ಒಂದನ್ನೊಂದು ಕಾಣುವುದು ಕಡಿಮೆ. ತೋಟದ ಜಾತ್ರೆ ತೋಟದಲ್ಲಿ, ತುಡಿ ಹಾಡಿಯಲ್ಲಿ, ಒಪ್ಪನ ಮದುವೆ ಚಪ್ಪರದಲ್ಲಿ. ಭಾನುವಾರ ತೋಟಕ್ಕೆ ರಜೆ. ಅಂದು ಎಲ್ಲರೂ ಸಾಮಾನಿಗೆಂದು ಪೇಟೆಗೆ ಬರುತ್ತಾರೆ, ಖರೀದಿ ಮುಗಿಸಿ ಜೀಪು ಹತ್ತುತ್ತಾರೆ. ಪೇಟೆಯಲ್ಲಿ ಕಲೆ ಕಾಣಿಸುವುದು ಮೆರವಣಿಗೆಯ ರೂಪದಲ್ಲಿ. ಗಣ್ಯರು ಬಂದಾಗ ಆದಿವಾಸಿ ತಂಡವನ್ನು ಮುಂದೆ ನಿಲ್ಲಿಸಿ ಕುಣಿಸುವುದುಂಟು. ಅದು ಆ ಕಲೆಗೆ ತಕ್ಕ ಗೌರವವಲ್ಲ: ತಾಸುಗಟ್ಟಲೆ ಬೆಳೆಯಬೇಕಾದ ಆಟವನ್ನು ಐದು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ವೇಷ ಮಾತ್ರ. ಆದಿವಾಸಿಗಳು ತಮ್ಮದೇ ನಿರ್ಧಾರದಿಂದ ಪೇಟೆ ತುಂಬಿದ ದಿನವೂ ಚರಿತ್ರೆಯಲ್ಲಿದೆ. 1988ರ ಡಿಸೆಂಬರ್ 5ರಂದು ಆದಿವಾಸಿ ಮುನ್ನೇಟ್ರ ಸಂಗಮದ ನೇತೃತ್ವದಲ್ಲಿ ಸುಮಾರು ಹತ್ತು ಸಾವಿರ ಜನ ಭೂಮಿಯ ಹಕ್ಕು ಕೇಳಿ ಗೂಡಲೂರಿನ ಬೀದಿಗಳಲ್ಲಿ ನಡೆದರು. ಅದಾದ ಮೇಲೆ ಈ ಸೀಮೆಯಲ್ಲಿ ಆದಿವಾಸಿಗಳದೇ ಮುಂದಾಳುತನದ ಶಾಲೆ, ಆಸ್ಪತ್ರೆಗಳೂ ಬೆಳೆದಿವೆ. ಅವರ ಕಲೆಯ ಬಗ್ಗೆ ಮಾತಾಡುವವರು ಅವರ ಸಂಘಟನೆಯನ್ನು ಬಿಟ್ಟು ಮಾತಾಡುವಂತಿಲ್ಲ.

ಎಲ್ಲರೂ ಸೇರುವ ಜಾಗ ಏಕೆ ಬೆಳೆಯಲಿಲ್ಲ ಎಂಬುದಕ್ಕೆ ಕಾರಣಗಳು ಸ್ಪಷ್ಟ. ಮೊದಲನೆಯದು ನೆಲ. 1969ರ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದತಿ ಕಾಯ್ದೆ ನಿಲಂಬೂರು ಕೋವಿಲಕ ಎಂಬ ಅರಸು ಮನೆತನದಂಥ ಜನ್ಮಿಗಳ ಸುಮಾರು 80 ಸಾವಿರ ಎಕರೆಯನ್ನು ಸರ್ಕಾರಕ್ಕೆ ತಂದಿತು. ಗುತ್ತಿಗೆ ತೋಟಗಳ ಪ್ರಶ್ನೆ ಮಾತ್ರ ದಶಕಗಳ ಕಾಲ ಕೋರ್ಟಿನಲ್ಲಿ ಉಳಿಯಿತು. ಜನರ ಬಾಯಲ್ಲಿ ಆ ನೆಲ ‘ಸೆಕ್ಷನ್ 17’ ಜಾಗ. ಅಲ್ಲಿ ಮನೆ ಕಟ್ಟಿಕೊಂಡವರಿಗೆ ಪಟ್ಟಾ ಇಲ್ಲ, ಬಹುಕಾಲ ಕರೆಂಟೂ ಇರಲಿಲ್ಲ. ವಾಸದ ಮನೆಗೇ ದಾಖಲೆ ಇಲ್ಲದಲ್ಲಿ ರಂಗಮಂದಿರ ಏಳುವುದು ಹೇಗೆ? 

ಎರಡನೆಯದು ಮಳೆ. ದೇವಾಲ ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲು ಪ್ರದರ್ಶನದ ಮಾತೇ ಇಲ್ಲ. ಮೂರನೆಯದು ಆನೆ. ಕಾಡಿನ ತುಂಡುಗಳ ನಡುವೆ ಓಡಾಡುವ ಆನೆಗಳು ಕತ್ತಲಾದ ಮೇಲೆ ತೋಟದ ದಾರಿಗಳಿಗೂ ಪೇಟೆಯ ಅಂಚಿಗೂ ಬರುತ್ತವೆ. ಬೆಳಗಿನವರೆಗೆ ನಡೆಯುವ ಬಯಲಾಟದ ಪದ್ಧತಿ ಇಲ್ಲಿ ನಡೆಯದು. ಪ್ರೇಕ್ಷಕ ಮನೆ ಸೇರುವ ಹೊತ್ತನ್ನು ನೋಡಿಕೊಂಡೇ ಪ್ರದರ್ಶನದ ವೇಳೆ ಗೊತ್ತುಮಾಡಬೇಕು. ಇನ್ನು ಮೈಸೂರಿನ ಕಡೆಯ ದಾರಿ: ಬಂಡೀಪುರದ ಮೂಲಕ ಹಾಯುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಪ್ರಾಣಿಗಳ ಜೀವ ಉಳಿಸುವ ಈ ನಿರ್ಬಂಧ ಸರಿಯಾದದ್ದೇ. ಸಂಜೆ ನಾಟಕ ಆಡಿ ಅದೇ ರಾತ್ರಿ ಮೈಸೂರಿಗೆ ಮರಳುವ ತಂಡಕ್ಕೆ ಮಾತ್ರ ಪಂದಲೂರು ಆಗಿಬರುವುದಿಲ್ಲ, ಬಂದವರು ಉಳಿಯಬೇಕು. ಇಲ್ಲಿಯ ಕಲೆಯನ್ನು ಅರಿಯಲು ಹೇಗೂ ಅದೇ ಸರಿಯಾದ ಕ್ರಮ.

ಬೆರಕೆಯ ಪೇಟೆಯಲ್ಲಿ ಕಲೆ ಹೇಗೆ ಉಳಿಯುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲಿ ಒಳ್ಳೆಯ ನಿದರ್ಶನಗಳಿವೆ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರ ಪೂಜಾರಿ ಕರಗ ಹೊತ್ತು ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುತ್ತಾರೆ. ದಾರಿಯಲ್ಲಿ ಹಜ್ರತ್ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ಕರಗ ನಿಲ್ಲುತ್ತದೆ. ಆ ನಿಲುಗಡೆ ಯಾರೋ ಸೌಹಾರ್ದ ಸಮಿತಿ ಮಾಡಿದ ಏರ್ಪಾಡಲ್ಲ. ಒಂದೇ ಬೀದಿಯಲ್ಲಿ ಬಾಳಿದವರು ಹಬ್ಬದ ದಾರಿಯಲ್ಲೇ ಒಬ್ಬರಿಗೊಬ್ಬರು ಜಾಗ ಮಾಡಿಕೊಟ್ಟದ್ದು. ಪಂದಲೂರಿನ ತೋಟದ ಕರಗಕ್ಕೂ ಪೇಟೆಯ ಬೀದಿಯಲ್ಲಿ ಇಂಥ ದಾರಿ ಸಿಗಬಹುದು. ಅದನ್ನು ಊರಿನವರೇ ಕಂಡುಕೊಳ್ಳಬೇಕು.

ಹೊರಗಿನವರು ಮಾಡಬಹುದಾದ ಕೆಲಸಕ್ಕೆ ಮಾದರಿ ಹೆಗ್ಗೋಡು. ಅಡಿಕೆ ತೋಟಗಳ ನಡುವಿನ, ಮಳೆಗಾಲದಲ್ಲಿ ಮುಳುಗೇಳುವ ಆ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. 1985ರಿಂದ ಅದರ ತಿರುಗಾಟ ಕರ್ನಾಟಕದ ಸಣ್ಣ ಊರುಗಳಿಗೆ ನಾಟಕ ಹೊತ್ತೊಯ್ಯುತ್ತಿದೆ. 1991ರಲ್ಲಿ ಕೆ.ವಿ. ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಪಂದಲೂರಿಗೆ ಇನ್ನೂ ಚೆನ್ನಾಗಿ ಹೊಂದುವ ಪಾಠ ಮಂಚಿಕೇರಿಯದು. 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಅಲ್ಲಿನ ಸಿದ್ದಿಗಳ ಜೊತೆ ಚಿನುವ ಅಚಿಬೆಯ ಕಾದಂಬರಿಯನ್ನು ರಂಗಕ್ಕೆ ತಂದರು. ಕಾಡಂಚಿನ ಕೂಲಿಗಳೆಂದು ಮಾತ್ರ ಗುರುತಾಗಿದ್ದವರು ನಟರಾಗಿ ನಿಂತರು. ಸಿದ್ದಿ ರಂಗಭೂಮಿ ಎಂಬುದೊಂದು ಬೆಳೆಯಿತು. ತುಡಿ ಗೊತ್ತಿರುವ ಪಣಿಯ ಹುಡುಗ ಹುಡುಗಿಯರ ಜೊತೆ, ಅವರದೇ ನುಡಿಯಲ್ಲಿ, ಅವರು ಹೇಳಬಯಸುವ ಕಥೆಯನ್ನು ಹೀಗೆ ಕಟ್ಟಲು ಮೈಸೂರಿನ ರಂಗಕರ್ಮಿಗಳಿಗೆ ಸಾಧ್ಯವಿದೆ. ಗಡಿಯಲ್ಲಿ ಸಾಂಸ್ಕೃತಿಕ ಕೇಂದ್ರ ಕಟ್ಟುವುದಕ್ಕೆ ಮಂಜೇಶ್ವರದ ಗಿಳಿವಿಂಡು ಇದೆ: ಹಲವು ಭಾಷೆ ಬಲ್ಲ ಗೋವಿಂದ ಪೈಗಳ ಮನೆಯಲ್ಲಿ, ಕೇರಳ ಮತ್ತು ಕರ್ನಾಟಕಗಳೆರಡರ ನೆರವಿನಿಂದ ಎದ್ದದ್ದು ಅದು.

ಪಂದಲೂರು, ಗೂಡಲೂರು ಸೀಮೆಯಿಂದ ಒಂದು ಕಲೆ ಈಗಾಗಲೇ ದೂರ ಹೋಗಿದೆ. ಅಮೆರಿಕದ ಉಷ್ಣವಲಯದಿಂದ ತೋಟದ ಅಲಂಕಾರಕ್ಕೆಂದು ಬಂದ ಲಂಟಾನ ಇಂದು ಬಂಡೀಪುರ, ಮುದುಮಲೆಗಳ ನೆಲವನ್ನೇ ಮುಚ್ಚಿದೆ. ಆ ಪೊದೆಯನ್ನು ಕಡಿದು, ಕಾಂಡವನ್ನು ಬೇಯಿಸಿ ಬಳುಕಿಸಿ, ಕಬ್ಬಿಣದ ಚೌಕಟ್ಟಿನ ಮೇಲೆ ಹೆಣೆದು ನಿಜ ಗಾತ್ರದ ಆನೆಗಳನ್ನು ಮಾಡುವ ಕೆಲಸದಲ್ಲಿ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಮತ್ತು ಸೋಲಿಗ ಕುಶಲಕರ್ಮಿಗಳು ಸೇರಿದ್ದಾರೆ. ಪ್ರತಿ ಆನೆಯೂ ಈ ಕಾಡುಗಳಲ್ಲಿ ಬದುಕುವ ಒಂದೊಂದು ಆನೆಯ ಹೋಲಿಕೆ. 2021ರಲ್ಲಿ ಇವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಅದೇ ವರ್ಷ ನ್ಯೂಯಾರ್ಕಿನಲ್ಲಿ. ರಾತ್ರಿ ಬೆಳೆ ತಿನ್ನುವ ಆನೆಯ ಭಯದಲ್ಲಿ ಬದುಕುವವರೇ ಹಗಲು ಆ ಆನೆಯ ಮೈಯನ್ನು ಅಷ್ಟು ಅಕ್ಕರೆಯಿಂದ ಹೆಣೆಯುತ್ತಾರೆ. ಸೋಲಿಗರು ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದವರು. ಎರಡು ರಾಜ್ಯಗಳ ಆದಿವಾಸಿಗಳು ಒಂದೇ ಕಲಾಕೃತಿಗೆ ಕೈಹಾಕಿದ್ದಾರೆ ಎಂದ ಮೇಲೆ ಹಾಡಿಗೂ ನಾಟಕಕ್ಕೂ ಸೇರುವುದು ಕಷ್ಟವೇನಲ್ಲ.

ಆದ್ದರಿಂದ ಕೆಲವು ಕೋರಿಕೆಗಳು. ಚಾಮರಾಜನಗರದ ಕಂಸಾಳೆಯವರು, ನೀಲಗಾರರು, ಸೋಲಿಗರ ಗೊರುಕನ ತಂಡಗಳು ಪಂದಲೂರಿಗೆ ಬರಲಿ. ಕಂಸಾಳೆಯವರು ಹಾಡುವ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕಥೆಯಲ್ಲಿ ಕಾಡಿದೆ, ಜೇನಿದೆ, ಸೋಲಿಗರಿದ್ದಾರೆ. ಭಾಷೆ ಅರ್ಧ ತಿಳಿಯದಿದ್ದರೂ ಆ ಕಥೆ ಇಲ್ಲಿ ನಾಟುತ್ತದೆ. ಬಂದವರು ಆಡಿ ಹೋಗದೆ, ಹಾಡಿಯ ತಂಡದವರ ಆಟವನ್ನೂ ಪೂರ್ತಿ ಕುಳಿತು ನೋಡಲಿ. ರಂಗಾಯಣದ ಬಹುರೂಪಿಯಲ್ಲಿ, ಮೈಸೂರು ದಸರೆಯ ವೇದಿಕೆಗಳಲ್ಲಿ ಪಣಿಯರ ವಟ್ಟಕ್ಕಳಿಗೆ, ಮುಳ್ಳುಕುರುಂಬರ ಕೋಲ್ಕಳಿಗೆ, ತೋಟದ ‘ತಪ್ಪು’ ವಾದ್ಯಕ್ಕೆ ಸರಿಯಾದ ಹೊತ್ತು ಮತ್ತು ಸರಿಯಾದ ಸಂಭಾವನೆ ಸಿಗಲಿ. ಕರೆ ಹೋಗುವುದು ಮಧ್ಯವರ್ತಿಗಳಿಗಲ್ಲ, ಆದಿವಾಸಿ ಸಂಘಟನೆಗಳಿಗೆ ಮತ್ತು ತೋಟದ ಗುಡಿಗಳ ಸಮಿತಿಗಳಿಗೆ. ಮೈಸೂರಿನಲ್ಲೇ ಇರುವ ಭಾರತೀಯ ಭಾಷಾ ಸಂಸ್ಥೆ 1969ರಿಂದ ಬುಡಕಟ್ಟು ನುಡಿಗಳ ಕೆಲಸ ಮಾಡುತ್ತಿದೆ. ಅದರ ಅನುಭವ ಬಳಸಿಕೊಂಡು ಕಾಟ್ಟುನಾಯಕ, ಬೆಟ್ಟಕುರುಂಬ ಹಾಡುಗಳನ್ನೂ ಶ್ರೀಲಂಕಾದಿಂದ ಬಂದ ಹಿರಿಯರ ಕೂತ್ತಿನ ಪಾಠವನ್ನೂ ಧ್ವನಿಮುದ್ರಿಸುವ ಕೆಲಸ ಕೂಡಲೇ ಆಗಬೇಕು. ಮುದ್ರಿಸಿದ್ದರ ಹಕ್ಕು ಹಾಡಿದವರದೇ ಆಗಿರಬೇಕು, ಒಂದು ಪ್ರತಿ ಅವರ ಊರಿನ ಶಾಲೆಯಲ್ಲಿ ಇರಬೇಕು. 2022ರಿಂದ ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ ಕಲೈ ತಿರುವಿಳಾ ನಡೆಯುತ್ತಿದೆ. ಮಕ್ಕಳ ರಂಗಶಿಬಿರಗಳಿಗೆ ಆ ಶಾಲೆಗಳೇ ಬಾಗಿಲು.

ಬರುವವರಿಗೆ ತಿಳಿದಿರಬೇಕಾದ ವಿವರ ಇಷ್ಟು. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ, ಭಾನುವಾರ ಮಧ್ಯಾಹ್ನ ಒಳ್ಳೆಯ ಹೊತ್ತು, ಕತ್ತಲಿಗೆ ಮುಂಚೆ ಮುಗಿಯಬೇಕು. ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಿಂದ ನೀಲಗಿರಿ ಪ್ರವೇಶಕ್ಕೆ ಇ-ಪಾಸ್ ಜಾರಿಯಾಗಿದೆ. ಬಳಸಿ ಬಿಸಾಡುವ ಪ್ಲಾಸ್ಟಿಕ್, ನೀರಿನ ಬಾಟಲಿ ಚೆಕ್‌ಪೋಸ್ಟ್ ದಾಟುವಂತಿಲ್ಲ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುತ್ತದೆ; ಒಂದು ರಾತ್ರಿ ಉಳಿಯುವ ಏರ್ಪಾಡು ಮಾಡಿಕೊಂಡೇ ಹೊರಡಿ. ತೋಟದ ಕೂತ್ತು ಬಲ್ಲ ಹಿರಿಯರಿಗೆ ವಯಸ್ಸಾಗಿದೆ. ಬರುವ ಜನವರಿಯನ್ನೇ ಗೊತ್ತುಮಾಡಿಕೊಳ್ಳಿ.

ಇತಿ,
ಪಂದಲೂರಿನಿಂದ